ಎರಡು ಶಾಲೆ, ಒಂದು ವ್ಯಾನು

ಮಕ್ಕಳು ಅವಳನ್ನು ವ್ಯಾನತ್ತೆ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಹೆಸರು. ಬೀದಿಯವರೂ ಅದನ್ನೇ ಹಿಡಿದುಕೊಂಡರು. ಒಮ್ಮೊಮ್ಮೆ ಗಂಡನೂ ತಮಾಷೆಗೆ, "ವ್ಯಾನತ್ತೆಯವರೇ, ಒಂದು ಲೋಟ ನೀರು ಸಿಗುತ್ತಾ?" ಎಂದು ಕೇಳುತ್ತಿದ್ದ.

ವ್ಯಾನು ಮೊದಲು ಗಂಡನದೇ. ಅವನ ಕಣ್ಣಿನ ನರ ಒಣಗುತ್ತಿದೆ, ಇನ್ನು ಓಡಿಸಬೇಡಿ ಎಂದು ವೈದ್ಯರು ಹೇಳಿದ ದಿನ ಅವನು ಬೀಗದ ಕೈಯನ್ನು ತಂದು ಇವಳ ಮಡಿಲಿಗೆ ಹಾಕಿದ. "ಮಾರಿಬಿಡೋಣ ಅಂದ್ರೆ ಮಾರೋಣ. ಕಲೀತೀನಿ ಅಂದ್ರೆ ಕಲಿಸ್ತೀನಿ. ಇನ್ನೂ ಆರು ತಿಂಗಳು ಕಣ್ಣಿರುತ್ತೆ," ಎಂದ. ಅವಳು ಕಲಿತಳು. ಪೂರ್ತಿ ಕತ್ತಲಾಗುವ ಮೊದಲು ಅವನು ಪಕ್ಕದ ಸೀಟಿನಲ್ಲಿ ಕೂತು ತಿರುವು ತಿರುವಿಗೂ ಬೈದು ಕಲಿಸಿದ. ಸ್ಟ್ಯಾಂಡಿನ ಡ್ರೈವರುಗಳು ಮೊದಲ ವಾರ ನಕ್ಕರು, ಎರಡನೇ ವಾರ ದಾರಿ ಬಿಟ್ಟರು, ಮೂರನೇ ವಾರ ಟೀ ಕೊಡಿಸಿದರು. ಹೆಣ್ಣುಮಕ್ಕಳ ತಾಯಂದಿರಿಗಂತೂ ಸಂತೋಷವೋ ಸಂತೋಷ.

ವ್ಯಾನಿನಲ್ಲಿ ನಾಲ್ಕು ಸಾಲು, ಹದಿನಾಲ್ಕು ಮಕ್ಕಳು, ಎರಡು ಶಾಲೆ. ಡಿಪೋ ಪಕ್ಕದ ಕೆಳಗಿನ ಶಾಲೆಯ ಕಾಂಪೌಂಡಿಗೆ ಬಸ್ಸುಗಳ ಹೊಗೆ ಬಡಿದು ಬಡಿದು ಗೋಡೆಯ ಬಣ್ಣ ಯಾವುದೆಂದು ಯಾರಿಗೂ ನೆನಪಿರಲಿಲ್ಲ. ಇನ್ನೊಂದು ಗುಡ್ಡದ ಮೇಲಿನ ಶಾಲೆ. ಅಲ್ಲಿ ಈಜುಕೊಳ, ಟೈ, ಕೋಟು, ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವ ಕಾವಲುಗಾರ. ಎರಡೂ ಒಂದೇ ರಸ್ತೆಯಲ್ಲಿದ್ದವು. ಮೊದಲು ಡಿಪೋ ಶಾಲೆಯ ಮಕ್ಕಳನ್ನು ಇಳಿಸಿ, ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ವ್ಯಾನು ಗುಡ್ಡ ಹತ್ತುತ್ತಿತ್ತು.

ಮೊದಮೊದಲು ಎಲ್ಲರೂ ಕಲಸಿಕೊಂಡೇ ಕೂರುತ್ತಿದ್ದರು. ಚಿಕ್ಕ ಮಕ್ಕಳಿಗೆ ಶಾಲೆ ಅಂದರೆ ಶಾಲೆ. ಹತ್ತು ಹನ್ನೆರಡು ವಯಸ್ಸು ದಾಟುತ್ತಲೇ ಎಲ್ಲಿಂದಲೋ ಒಂದು ತಕ್ಕಡಿ ಕೈಗೆ ಬರುತ್ತದೆ. ನಿಮ್ಮನೇಲಿ ಎಷ್ಟು ಕಾರು? ರಜಕ್ಕೆ ವಿಮಾನದಲ್ಲಿ ಹೋಗಿದ್ರಾ? ನಿಮ್ಮ ಫೀಸು ಎಷ್ಟು? ಈ ತೂಕ ನೋಡುವುದರಲ್ಲಿ ಮುಂದಾಳು ವಕೀಲರ ಮಗ. ಹದಿನಾಲ್ಕು ವರ್ಷ, ತೆಳ್ಳನೆ ಕುತ್ತಿಗೆ, ನಾಲಿಗೆ ಮಾತ್ರ ಅಪ್ಪನದೇ. ಡಿಪೋ ಶಾಲೆಯ ಮಕ್ಕಳು ಹತ್ತಿದರೆ ಮೂಗು ಹಿಡಿದುಕೊಂಡು, "ಡೀಸೆಲ್ ಬಂತು, ಕಿಟಕಿ ತೆಗೀರಿ," ಎನ್ನುವನು. ಗುಡ್ಡದ ಮಕ್ಕಳೆಲ್ಲ ಗೊಳ್ಳೆನ್ನುವರು. ವ್ಯಾನತ್ತೆ ಗದರುವಳು. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಮತ್ತೆ ಅದೇ ರಾಗ.

ಆಮೇಲೆ ತಾಯಂದಿರ ಫೋನು ಬಂತು. ಬಿಲ್ಡರ್ ಹೆಂಡತಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದಳು. "ನಾವೇನೂ ಭೇದ ಮಾಡೋರಲ್ಲಮ್ಮ. ಆದ್ರೆ ಮಾತು, ನಡವಳಿಕೆ ಎಲ್ಲ ಸಹವಾಸದಿಂದ ಬರುತ್ತಲ್ವಾ? ನಮ್ಮ ಮಕ್ಕಳಿಗೆ ಮುಂದಿನ ಎರಡು ಸಾಲು ಬಿಟ್ಟುಕೊಡಿ, ಸಾಕು. ಇಲ್ಲಾಂದ್ರೆ ನಾವು ನಾಲ್ಕೈದು ಜನ ಬೇರೆ ವ್ಯಾನು ನೋಡ್ಕೋಬೇಕಾಗುತ್ತೆ."

ವ್ಯಾನತ್ತೆ ಎರಡು ದಿನ ಯೋಚಿಸಿದಳು. ಯೋಚಿಸಿದಳು ಅನ್ನುವುದಕ್ಕಿಂತ ಸೋತಳು ಅನ್ನಬೇಕು. ಬೆಳಿಗ್ಗೆ ಐದಕ್ಕೆ ಏಳುವವಳು, ಗಂಡನ ಕಣ್ಣಿಗೆ ಔಷಧಿ ಬಿಟ್ಟು, ಅವನ ಕೈಗೆ ಎಟುಕುವ ಹಾಗೆ ತಟ್ಟೆ, ಲೋಟ, ರೇಡಿಯೋ ಜೋಡಿಸಿಟ್ಟು ಹೊರಡುವವಳು. ಜಗಳಕ್ಕೆ ಬೇಕಾದ ತ್ರಾಣವೇ ಇರಲಿಲ್ಲ. ಮೂರನೇ ದಿನ, "ಗುಡ್ಡದವರು ಮುಂದೆ, ಡಿಪೋದವರು ಹಿಂದೆ. ಗಲಾಟೆ ಬೇಡ," ಎಂದುಬಿಟ್ಟಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ಹಿಂದಿನ ಸಾಲಿನವರು ಮರುಮಾತಾಡದೆ ಚೀಲ ಎತ್ತಿಕೊಂಡು ಹಿಂದೆ ಹೋದರು. ಅವರು ಏನಾದರೂ ಅಂದಿದ್ದರೇ ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

ಒಬ್ಬಳು ಮಾತ್ರ ಅಂದಳು. ಇಸ್ತ್ರಿ ಅಂಗಡಿಯವನ ಮಗಳು. ಎಲ್ಲರೂ ಚೂಟಿ ಅನ್ನುತ್ತಿದ್ದರು, ಹೆಸರಿಗೆ ತಕ್ಕ ಹಾಗೆ ಮಿಂಚು. ಕನ್ನಡಿಯಲ್ಲಿ ವ್ಯಾನತ್ತೆಯ ಕಣ್ಣು ಹಿಡಿದು, "ಅತ್ತೆ, ಹಿಂದಿನ ಸೀಟು ಕುಲುಕುತ್ತೆ. ನಾವು ಬೆಣ್ಣೆ ಆಗೋ ಹೊತ್ತಿಗೆ ಶಾಲೆ ಬರುತ್ತೆ," ಎಂದಳು. ಪಕ್ಕದಲ್ಲಿ ಕೂತಿದ್ದ ಅವಳ ಗೆಳತಿ, ಕಂಡಕ್ಟರ್ ಮಗಳು ಗುಂಗುರು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ಗುಂಗುರು ಕೂದಲೂ ಜೊತೆಗೆ ನಕ್ಕಿತು. ಒಂದೇ ಗಲ್ಲಿಯವರು, ಔಷಧಿ ಅಂಗಡಿ ಮೂಲೆಯಲ್ಲಿ ಜೊತೆಯಾಗಿ ನಿಂತು ಹತ್ತುವವರು. ಎರಡು ದೇಹ, ಒಂದೇ ಹರಟೆ.

ಆ ವರ್ಷದ ಕೊನೆಗೆ ಗುಡ್ಡದ ಶಾಲೆ ಒಂದು ಪರೀಕ್ಷೆ ಇಟ್ಟಿತು. ಗೆದ್ದ ಇಬ್ಬರಿಗೆ ಅಲ್ಲಿ ಬಿಟ್ಟಿ ಓದು. ಚೂಟಿ ಬರೆದಳು, ಮೊದಲನೆಯವಳಾಗಿ ಬಂದಳು. ಗಲ್ಲಿಗೆ ಗಲ್ಲಿಯೇ ಹಿಗ್ಗಿತು. ಅವಳ ಅಪ್ಪ ಆ ದಿನ ಯಾರ ಬಟ್ಟೆಗೂ ಕಾಸು ತೆಗೆದುಕೊಳ್ಳಲಿಲ್ಲವಂತೆ. ವ್ಯಾನತ್ತೆ ಮನೆಗೆ ಬಂದವಳೇ ಗಂಡನ ಕೈ ಹಿಡಿದು, "ರೀ, ನಮ್ಮ ಹಿಂದಿನ ಸೀಟು ಗೆದ್ದುಬಿಡ್ತು!" ಎಂದಳು.

"ಇನ್ಮೇಲೆ ಅದು ಮುಂದಿನ ಸೀಟು ಕಣೇ," ಎಂದ ಗಂಡ.

ಅವನು ನಗುತ್ತಲೇ ಅಂದದ್ದು. ಆದರೆ ಅದೇ ಆಯಿತು.

ಶಾಲೆ ಶುರುವಾದ ದಿನ ಚೂಟಿ ಟೈ ಕಟ್ಟಿಕೊಂಡು ಬಂದಳು. ಅಪ್ಪ ಇಸ್ತ್ರಿ ಮಾಡಿದ ಸ್ಕರ್ಟಿನ ಮಡಿಕೆಗಳು ಚಾಕುವಿನ ಹಾಗಿದ್ದವು. ಹತ್ತಿದವಳು ಒಂದು ಕ್ಷಣ ಹಿಂದೆ ನೋಡಿದಳು. ಗುಂಗುರು ಜಾಗ ಬಿಟ್ಟು ಸರಿದು ಕೂತಿದ್ದಳು. ಚೂಟಿ ಎರಡನೇ ಸಾಲಿನಲ್ಲಿ ಕೂತಳು. ಪಕ್ಕದಲ್ಲಿದ್ದ ಬಿಲ್ಡರ್ ಮಗಳು ತನ್ನ ಚೀಲವನ್ನು ಇಬ್ಬರ ನಡುವೆ ಇಟ್ಟಳು. ವಕೀಲರ ಮಗ ಹಿಂದಿರುಗಿ ನೋಡಿ, "ಓಹೋ, ಫ್ರೀ ಸೀಟು!" ಎಂದ. ಅಂದಿನಿಂದ ಗುಡ್ಡದ ಮಕ್ಕಳ ಬಾಯಲ್ಲಿ ಅವಳ ಹೆಸರು ಅದೇ ಆಯಿತು.

ಎರಡು ವಾರ ಚೂಟಿ ಬಾಯಿ ಬಿಡಲಿಲ್ಲ. ಮೂರನೇ ವಾರ, ಎಲ್ಲರೂ ಇಳಿದ ಮೇಲೆ ಡ್ರೈವರ್ ಸೀಟಿನ ಬಳಿ ಬಂದು, "ಅತ್ತೆ, ನಾಳೆಯಿಂದ ನಾನು ಬ್ಯಾಂಕಿನ ಹಿಂದೆ, ಬಂಗಲೆ ಬೀದಿ ತಿರುವಿನಲ್ಲಿ ಹತ್ತುತ್ತೀನಿ," ಎಂದಳು.

"ಯಾಕೆ, ಮನೆ ಬದಲಾಯಿಸಿದ್ರಾ?"

"ಯಾರಾದ್ರೂ ಕೇಳಿದ್ರೆ ಹೌದು ಅಂತ ಹೇಳಿ."

"ಹತ್ತು ನಿಮಿಷ ಜಾಸ್ತಿ ನಡೀಬೇಕಲ್ಲೇ."

"ನಡೀತೀನಿ."

ವ್ಯಾನತ್ತೆಗೆ ಹೇಳಬೇಕೆನಿಸಿದ್ದು ಬಹಳ. ಆದರೆ ಹಿಂದೆ ಕಾರೊಂದು ಹಾರ್ನ್ ಹೊಡೆಯುತ್ತಿತ್ತು, ಬೆನ್ನು ಸಿಡಿಯುತ್ತಿತ್ತು. "ಆಯ್ತು ಮಾರಾಯ್ತಿ," ಎಂದಳು. ಹೀಗೆ ಅವಳೂ ಆ ಸುಳ್ಳಿನ ಪಾಲುದಾರಳಾದಳು.

ಸುಳ್ಳು ಒಂಟಿಯಾಗಿ ಬದುಕುವುದಿಲ್ಲ. ಬಂಗಲೆ ಬೀದಿಯ ಜೊತೆಗೆ, ಅಪ್ಪನದು ಬಟ್ಟೆಯ ವ್ಯವಹಾರ ಎನ್ನುವುದೂ ಸೇರಿತು. ಅದೇನು ಪೂರ್ತಿ ಸುಳ್ಳಲ್ಲ ಅನ್ನಿ. ಪಕ್ಕದ ಚೀಲ ಮೆಲ್ಲಗೆ ಸರಿಯಿತು. ಒಂದು ದಿನ ಔಷಧಿ ಅಂಗಡಿ ಮೂಲೆಯಲ್ಲಿ ಗುಂಗುರು ಹತ್ತುವಾಗ, ವಕೀಲರ ಮಗನಿಗಿಂತ ಮೊದಲೇ ಚೂಟಿ ಮೂಗು ಹಿಡಿದುಕೊಂಡಳು. "ಕಿಟಕಿ ತೆಗೀರಪ್ಪಾ!"

ಮುಂದಿನ ಎರಡು ಸಾಲು ಬಿದ್ದು ಬಿದ್ದು ನಕ್ಕಿತು. ಅವಳ ಮಾತಿಗೆ ಅವರು ನಕ್ಕದ್ದು ಅದೇ ಮೊದಲು. ಚೂಟಿಯ ಮುಖ ಕೆಂಪಗಾಗಿತ್ತು, ಅವಳೂ ನಗುತ್ತಿದ್ದಳು. ಗುಂಗುರು ಹಿಂದೆ ಹೋಗಿ ಕಿಟಕಿಗೆ ಹಣೆ ಆನಿಸಿ ಕೂತಳು. ವ್ಯಾನತ್ತೆ ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದಳು.

ಆ ದಿನ ಮನೆಯಲ್ಲಿ ಊಟ ಸೇರಲಿಲ್ಲ. "ಅವಳನ್ನ ಎಳೆದು ಕೆನ್ನೆಗೆ ಎರಡು ಕೊಡಬೇಕು ಅನ್ನಿಸ್ತು ರೀ," ಎಂದಳು.

ಗಂಡ ತಟ್ಟೆಯ ಅಂಚನ್ನು ಬೆರಳಿನಲ್ಲಿ ತಡಕುತ್ತ ಕೇಳಿದ. "ಮದುವೆ ಆದ ಹೊಸತರಲ್ಲಿ ನಿಮ್ಮಕ್ಕನ ಹತ್ತಿರ ನನ್ನ ಕೆಲಸ ಏನು ಅಂತ ಹೇಳಿದ್ದೆ?"

ಅವಳು "ಸಾರಿಗೆ ವ್ಯವಹಾರ" ಎಂದು ಹೇಳಿದ್ದಳು. ಒಂದು ವ್ಯಾನಿನ ಸಾರಿಗೆ ವ್ಯವಹಾರ. ಅಕ್ಕ ಮನೆಗೆ ಬಂದಾಗ ವ್ಯಾನನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಲು ಗಂಡನಿಗೇ ಹೇಳಿದ್ದಳು. ಅವನು ನಿಲ್ಲಿಸಿ ಬಂದಿದ್ದ.

"ನಿಮಗೆ ಬೇಜಾರಾಗಿತ್ತಾ?" ಎಂದು ಇಷ್ಟು ವರ್ಷದ ಮೇಲೆ ಕೇಳಿದಳು.

"ಆಗಿತ್ತು. ಆಮೇಲೆ ಮರೆತೆ. ಆಮೇಲೆ ಮತ್ತೆ ನೆನಪಾಗಿತ್ತು. ಸಾರು ಹಾಕು."

ಮರುದಿನ ಮಕ್ಕಳನ್ನು ಇಳಿಸಿ ಅವಳು ನೇರ ಇಸ್ತ್ರಿ ಅಂಗಡಿಗೆ ಹೋದಳು. ಅಂಗಡಿಯೆಂದರೆ ಒಂದು ಮೇಜು, ತಗಡಿನ ಸೂರು, ಗೋಡೆಗೆ ಗಂಟುಗಳ ಸಾಲು. ಪ್ರತಿ ಗಂಟಿಗೂ ಒಂದೊಂದು ಬಣ್ಣದ ದಾರ. ಚೂಟಿಯ ಅಪ್ಪ ಬೆರಳದ್ದಿ ನೀರು ಚಿಮುಕಿಸಿ, ಬಿಳಿ ಶರ್ಟೊಂದರ ತೋಳನ್ನು ಒತ್ತುತ್ತಿದ್ದ. ಬಿಸಿ ಬಟ್ಟೆಯ ವಾಸನೆ. ಹೇಗೆ ಶುರು ಮಾಡುವುದೆಂದು ಅವಳಿಗೆ ತೋಚಲಿಲ್ಲ.

"ಚೂಟಿ ವಿಷಯ..." ಎಂದಳು.

"ಬಂಗಲೆ ಬೀದಿ ವಿಷಯವಾ ಅಕ್ಕ?" ಎಂದ ಅವನು, ಕೈ ನಿಲ್ಲಿಸದೆ. "ಗೊತ್ತು. ಎರಡನೇ ದಿನವೇ ಗೊತ್ತಾಯ್ತು. ಅವಳು ಮನೆಯಿಂದ ಬೇಗ ಹೊರಟರೆ ನನಗೆ ತಿಳಿಯಲ್ವಾ?"

"ಏನೂ ಅನ್ನಲಿಲ್ಲವಾ?"

"ಏನಂತ ಅನ್ನಲಿ? ಮೊದಲೆಲ್ಲ ವಕೀಲರ ಅಪಾರ್ಟ್‌ಮೆಂಟಿಗೆ ಏಳೂವರೆಗೆ ಬಟ್ಟೆ ಕೊಡ್ತಿದ್ದೆ. ಅದೇ ಹೊತ್ತಿಗೆ ನಿಮ್ಮ ವ್ಯಾನು ಆ ಗೇಟಿಗೆ ಬರುತ್ತೆ. ಈಗ ಒಂಬತ್ತರ ಮೇಲೆ ಹೋಗ್ತೀನಿ. ನನ್ನ ನೋಡಿ ನಗಬೇಕಾ ಬೇಡವಾ ಅಂತ ಮಗು ಯೋಚನೆ ಮಾಡೋ ಹಾಗೆ ಆಗಬಾರದು ನೋಡಿ."

ಬೈಯಲು ಬಂದಿದ್ದ ವ್ಯಾನತ್ತೆ ಮೇಜಿನ ಅಂಚಿಗೆ ಒರಗಿ ನಿಂತಳು.

"ದೊಡ್ಡವರ ಮಕ್ಕಳ ಜೊತೆ ಸೇರಿದ್ದಾಳೆ, ಸ್ವಲ್ಪ ದಿನ ತಲೆ ತಿರುಗುತ್ತೆ," ಎಂದ ಅವನು. "ದೊಡ್ಡವರು ಅಂದ್ರೂ ಅಷ್ಟೇ ಬಿಡಿ. ಯಾರ ಮನೇಲಿ ಏನಿದೆ, ಏನಿಲ್ಲ, ಬಟ್ಟೆ ಎಲ್ಲ ಹೇಳುತ್ತೆ. ನಾವು ಹೇಳೋದಿಲ್ಲ. ಅಂಗಡಿ ಮಾತು ಅಂಗಡೀಲೇ ಇರಬೇಕು." ಶರ್ಟನ್ನು ಮಡಿಸಿ ಗಂಟಿನ ಮೇಲಿಟ್ಟ. "ನೀವೂ ಅವಳಿಗೆ ಏನೂ ಅನ್ನಬೇಡಿ ಅಕ್ಕ. ನನಗೆ ತಿಳಿದಿದೆ ಅಂತ ಗೊತ್ತಾದ್ರೆ ನಾಚಿಕೆ ಪಡ್ತಾಳೆ."

ಮಳೆಗಾಲ ಬಂತು. ಇಸ್ತ್ರಿಯವನಿಗೆ ಜ್ವರ ಹಿಡಿಯಿತು, ನಾಲ್ಕು ದಿನ ಏಳಲಿಲ್ಲ. ಗಂಟುಗಳು ಹಾಗೇ ಉಳಿದವು. ಮನೆಮನೆಯವರು ತಾವೇ ಬಂದು ಒಯ್ಯತೊಡಗಿದರು. ಶಾಲೆಯಿಂದ ಬಂದ ಚೂಟಿ ಅಪ್ಪನ ಬದಲು ಮೇಜಿಗೆ ನಿಂತಳು. ಆ ಸಂಜೆ ವಕೀಲರ ಮನೆಯಿಂದ ಬಟ್ಟೆ ಒಯ್ಯಲು ಬಂದವನು ವಕೀಲರ ಮಗನೇ. ಕೊಡೆ ಮಡಿಸಿ ತಗಡಿನ ಸೂರಿನ ಕೆಳಗೆ ತಲೆ ಹಾಕಿದರೆ, ಮೇಜಿನ ಹಿಂದೆ ಅವಳು.

ಅವಳು ಗಂಟು ಕೊಟ್ಟಳಂತೆ, ಅವನು ತೆಗೆದುಕೊಂಡು ಹೋದನಂತೆ.

ಮರುದಿನ ಬೆಳಿಗ್ಗೆ ವ್ಯಾನು ಅಪಾರ್ಟ್‌ಮೆಂಟಿನ ಗೇಟಿಗೆ ಹೋದಾಗ ವಕೀಲರ ಮಗ ಹತ್ತಿದವನೇ ಕೂರಲಿಲ್ಲ. ಸೀಟಿನ ಕಂಬಿ ಹಿಡಿದು ನಿಂತು, ನ್ಯಾಯಾಲಯದಲ್ಲಿ ನಿಂತವನ ಹಾಗೆ, "ಎಲ್ಲರೂ ಕೇಳಿ! ಬಟ್ಟೆ ವ್ಯವಹಾರದ ಗುಟ್ಟು ಸಿಕ್ತು. ನಮ್ಮನೆ ಇಸ್ತ್ರಿಯವನ ಮಗಳು ಇವಳು! ನನ್ನ ಶರ್ಟು ಇವಳ ಕೈಯಲ್ಲೇ ಇತ್ತು," ಎಂದ.

ಯಾರೋ ಕಿಸಕ್ಕೆಂದರು. ಬಿಲ್ಡರ್ ಮಗಳು ತನ್ನ ಚೀಲವನ್ನು ಮತ್ತೆ ನಡುವೆ ಎಳೆದುಕೊಂಡಳು. ವ್ಯಾನತ್ತೆ ವ್ಯಾನನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಹಿಂದಿರುಗಿ ನೋಡುವಷ್ಟರಲ್ಲಿ ಚೂಟಿ ಎದ್ದು ನಿಂತಿದ್ದಳು. ಅಳುತ್ತಿರಲಿಲ್ಲ. ಅವನ ಮುಖವನ್ನಲ್ಲ, ಕುತ್ತಿಗೆಯನ್ನು ನೋಡುತ್ತಿದ್ದಳು.

"ಹೌದು. ನಿನ್ನ ಎರಡು ಶರ್ಟನ್ನೂ ನಾನೇ ಇಸ್ತ್ರಿ ಮಾಡಿದ್ದು," ಎಂದಳು. "ಕಾಲರನ್ನ ಹುಷಾರಾಗಿ ಮಾಡಿದೆ."

ವಕೀಲರ ಮಗನ ಕೈ ತಟ್ಟನೆ ಕಾಲರಿಗೆ ಹೋಯಿತು. ಮುಖ ಸುಣ್ಣವಾಯಿತು. ಮಿಕ್ಕ ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ. ಆದರೆ ವ್ಯಾನತ್ತೆ ಅವನಿಂದ ಒಂದು ಮೊಳ ದೂರದಲ್ಲಿದ್ದಳು. ಅವನ ಬೆರಳ ಸಂದಿನಲ್ಲಿ ಅವಳಿಗೆ ಕಂಡಿತು: ಸವೆದ ಕಾಲರನ್ನು ಬಿಚ್ಚಿ, ಒಳಮೈ ಹೊರಗೆ ಬರುವ ಹಾಗೆ ತಿರುಗಿಸಿ, ಸಣ್ಣ ಸಣ್ಣ ಕೈಹೊಲಿಗೆ ಹಾಕಿದ್ದರು. ಹೊಸ ಶರ್ಟು ಕೊಳ್ಳಲಾಗದ ಮನೆಯ ಹೊಲಿಗೆ ಅದು. ಅವಳೂ ಗಂಡನ ಶರ್ಟುಗಳಿಗೆ ಹಾಗೇ ಹಾಕುತ್ತಿದ್ದಳು.

ಅವನು ಕೂತುಬಿಟ್ಟ. ಚೂಟಿಯೂ ಕೂತಳು. ವ್ಯಾನತ್ತೆ ವೈಪರು ಹಾಕಿ ವ್ಯಾನನ್ನು ಮತ್ತೆ ರಸ್ತೆಗೆ ತಂದಳು.

ಗುಡ್ಡದ ಮೇಲೆ ಎಲ್ಲರೂ ಇಳಿದರೂ ಚೂಟಿ ಇಳಿಯಲಿಲ್ಲ. "ಹೇಳಿಬಿಡಬೇಕಿತ್ತು ಅತ್ತೆ. ಎಲ್ಲರ ಮುಂದೆ," ಎಂದಳು.

"ಯಾಕೆ ಹೇಳಲಿಲ್ಲ?"

"ಅಪ್ಪ ಬಯ್ತಾರೆ. ಅಂಗಡಿ ಮಾತು..." ಎಂದವಳು ಮುಂದೆ ಹೇಳಲಾಗದೆ ಟೈಯ ತುದಿಯಲ್ಲಿ ಮೂಗು ಒರೆಸಿಕೊಂಡಳು. ಮತ್ತೆ, "ನಾನು ಅಪ್ಪಂಗೆ ಹೇಳದೆ ಬಂಗಲೆ ಬೀದಿಗೆ ಹೋಗ್ತಿದ್ದೆ," ಎಂದಳು.

ನಿಮ್ಮಪ್ಪನಿಗೆ ಗೊತ್ತು ಎಂಬ ಮಾತು ವ್ಯಾನತ್ತೆಯ ನಾಲಿಗೆ ತುದಿಗೆ ಬಂತು. ಏನೂ ಅನ್ನಬೇಡಿ ಎಂದು ಅವನು ಕೇಳಿಕೊಂಡದ್ದು ನೆನಪಾಗಿ ನುಂಗಿಕೊಂಡಳು. "ಹೋಗು, ಗಂಟೆ ಹೊಡೀತು. ಸಾಯಂಕಾಲ ಎಲ್ಲಿ ಇಳೀತೀಯ?"

"ಔಷಧಿ ಅಂಗಡಿ ಹತ್ರ."

ಆ ಮಧ್ಯಾಹ್ನ ವ್ಯಾನತ್ತೆ ಮಲಗಲಿಲ್ಲ. ಯಾವ ಮಗುವಿನ ಮೇಲೂ ಅವಳಿಗೆ ಸಿಟ್ಟು ಉಳಿದಿರಲಿಲ್ಲ. ಮುಂದೆ ಯಾರು, ಹಿಂದೆ ಯಾರು ಎಂದು ಬಾಯಿಬಿಟ್ಟು ಹೇಳಿದವಳು ತಾನೇ. ಮಕ್ಕಳು ಮೂಗು ಹಿಡಿದದ್ದು ಆಟವಿರಬಹುದು, ಅದಕ್ಕೆ ಕಾಯಿದೆ ಬರೆದುಕೊಟ್ಟವಳು ತಾನು. ಸಂಜೆ ಮಕ್ಕಳು ಹತ್ತುವಾಗ ಬಾಗಿಲಿಗೆ ಅಡ್ಡ ನಿಂತು ಹೇಳಿದಳು. "ಇನ್ಮೇಲೆ ಮುಂದೆ ಇಲ್ಲ, ಹಿಂದೆ ಇಲ್ಲ. ಮೊದಲು ಹತ್ತಿದವರಿಗೆ ಬೇಕಾದ ಸೀಟು. ಮೂಗು ಹಿಡಿದವರು ಇಳಿದು ನಡೀಬೇಕು. ಹೋಗಿ ಅಮ್ಮಂದಿರಿಗೆ ಹೇಳಿ."

ಹೇಳಿದರು. ರಾತ್ರಿ ಊಟಕ್ಕೆ ಮುಂಚೆಯೇ ಬಿಲ್ಡರ್ ಹೆಂಡತಿಯ ಫೋನು ಬಂತು. ಈ ಸಲ ಬೆಣ್ಣೆ ಇರಲಿಲ್ಲ. ತಿಂಗಳು ಮುಗಿಯುವುದರೊಳಗೆ ಗುಡ್ಡದ ನಾಲ್ಕು ಮಕ್ಕಳು ಎಸಿ ಇರುವ ಬೇರೆ ವ್ಯಾನಿಗೆ ಹೋದರು. ಆ ಜಾಗ ತುಂಬಲು ವ್ಯಾನತ್ತೆ ಊರಾಚೆಯ ಬಡಾವಣೆಯಿಂದ ಮಕ್ಕಳನ್ನು ತರಬೇಕಾಯಿತು. ದಾರಿಯೂ ಬದಲಾಗಿ, ಈಗ ಔಷಧಿ ಅಂಗಡಿ ಮೂಲೆ ಮೊದಲು, ಅಪಾರ್ಟ್‌ಮೆಂಟಿನ ಗೇಟು ಆಮೇಲೆ. ಐದಕ್ಕೆ ಏಳುತ್ತಿದ್ದವಳು ನಾಲ್ಕೂವರೆಗೆ ಏಳುವಂತಾಯಿತು. "ನ್ಯಾಯ ಅನ್ನೋದು ಅರ್ಧ ಗಂಟೆ ನಿದ್ದೆ ತಿನ್ನುತ್ತೆ ನೋಡು," ಎಂದ ಗಂಡ. ಅವಳಿಗೆ ನಗುವಷ್ಟು ಶಕ್ತಿ ಇರಲಿಲ್ಲ, ಆದರೂ ನಕ್ಕಳು.

ವಕೀಲರ ಮಗ ಬೇರೆ ವ್ಯಾನಿಗೆ ಹೋಗಲಿಲ್ಲ. ಅದರ ದರ ಜಾಸ್ತಿ. ಯಾಕೆ ಹೋಗಲಿಲ್ಲವೆಂದು ಮಿಕ್ಕವರು ಊಹಿಸಿದ್ದು ಏನೇನೋ. ಚೂಟಿಗೆ ಗೊತ್ತಿತ್ತು, ಹೇಳಲಿಲ್ಲ. ಅವನು ಮೂರನೇ ಸಾಲಿನ ಕಿಟಕಿ ಬಳಿ ಕೂತು, ಯಾರ ಗೋಜಿಗೂ ಹೋಗದೆ ಪುಸ್ತಕ ತೆರೆದಿಟ್ಟುಕೊಳ್ಳುವನು. ಪುಟ ತಿರುಗುವುದು ಕಾಣುತ್ತಿರಲಿಲ್ಲ. ಒಂದು ದಿನ ಇಳಿಯುವಾಗ, "ಬರ್ತೀನಿ ಅತ್ತೆ," ಎಂದ. ಮೂರು ವರ್ಷದಲ್ಲಿ ಮೊದಲ ಸಲ. ಅವಳು, "ಹೂಂ ಕಣಪ್ಪ," ಎಂದಳು. ಅದಕ್ಕಿಂತ ಹೆಚ್ಚು ಮೃದುವಾಗಲು ಅವಳಿಗೂ ಮನಸ್ಸು ಬರಲಿಲ್ಲ.

ಚೂಟಿ ಗುಡ್ಡದ ಶಾಲೆಯಲ್ಲೇ ಓದಿದಳು. ಅಲ್ಲಿ ಅವಳಿಗೆ ಗೆಳತಿಯರಾದರೆಂದು ಹೇಳುವಂತಿಲ್ಲ. ಮೊದಲನೇ ಸ್ಥಾನ ಮಾತ್ರ ಬಿಡಲಿಲ್ಲ. ಇಸ್ತ್ರಿಯವನು ಮತ್ತೆ ಏಳೂವರೆಗೆ ಬಟ್ಟೆ ಕೊಡತೊಡಗಿದ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಚೂಟಿ ಮೊದಲ ದಿನ ಕಿಟಕಿಯಿಂದ ಕೈ ಹೊರಗೆ ಹಾಕಿ, "ಅಪ್ಪಾ!" ಎಂದು ಕೂಗಿದಾಗ, ಅವನು ಕೈಯಲ್ಲಿದ್ದ ಗಂಟನ್ನು ನೆಲಕ್ಕಿಟ್ಟು ಎರಡೂ ಕೈ ಎತ್ತಿದ. ಆಮೇಲೆ ಮಣ್ಣಾದ ಗಂಟನ್ನು ನೋಡಿ ಹಣೆ ಚಚ್ಚಿಕೊಂಡ.

ಗುಂಗುರು ಮಾತ್ರ ಸುಲಭಕ್ಕೆ ಕರಗಲಿಲ್ಲ. ಚೂಟಿ ಹಿಂದಿನ ಸಾಲಿಗೆ ಹೋಗಿ ನಿಂತ ದಿನ ಅವಳು ಪಕ್ಕದ ಖಾಲಿ ಜಾಗದ ಮೇಲೆ ಚೀಲ ಇಟ್ಟಳು. ಎರಡನೇ ದಿನವೂ ಇಟ್ಟಳು. ಒಂದು ತಿಂಗಳು ಇಟ್ಟಳು. ಇಬ್ಬರೂ ಒಂದೇ ಮೂಲೆಯಲ್ಲಿ, ಎರಡು ಮಾರು ದೂರ ನಿಂತು ಹತ್ತುವರು. ಬುದ್ಧಿ ಹೇಳೋಣವೆಂದು ವ್ಯಾನತ್ತೆಗೆ ಎಷ್ಟೋ ಸಲ ಅನ್ನಿಸಿತು. ಹೇಳಲಿಲ್ಲ. ಮನಸ್ಸಿನ ಗಾಯ ಗಾಡಿಯ ಪಂಕ್ಚರ್ ಅಲ್ಲವಲ್ಲ, ತೇಪೆ ಹಾಕಿ ಗಾಳಿ ತುಂಬುವುದಕ್ಕೆ. ಎರಡನೇ ತಿಂಗಳು ಒಂದು ದಿನ ಕಿಟಕಿಯ ಜಾಗಕ್ಕಾಗಿ ಇಬ್ಬರೂ ಜೋರಾಗಿ ಕಚ್ಚಾಡಿದರು. ನಾನು ಮೊದಲು ಬಂದೆ, ನೀನು ನನ್ನ ಕಾಲು ತುಳಿದೆ, ನಿನ್ನ ಕೂದಲು ನನ್ನ ಕಣ್ಣಿಗೆ ಬೀಳುತ್ತೆ ಎಂದು ಶುರುವಾದದ್ದು ಶಾಲೆ ಬರುವವರೆಗೂ ನಿಲ್ಲಲಿಲ್ಲ. ವ್ಯಾನತ್ತೆ ಬಿಡಿಸಲು ಹೋಗಲಿಲ್ಲ. ಆ ಜಗಳ ಅವಳ ಕಿವಿಗೆ ಹಿತವಾಗಿತ್ತು.

ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ತೆರೆಯಿತು. ಮೊದಲ ದಿನ ಹೊಸ ಬಡಾವಣೆಯಿಂದ ಒಂದು ಪುಟ್ಟ ಹುಡುಗಿ ಹತ್ತಿದಳು. ಬೆನ್ನ ಮೇಲೆ ಅವಳಿಗಿಂತ ದೊಡ್ಡ ಚೀಲ, ಮುಂದಿನ ಎರಡು ಹಲ್ಲಿಲ್ಲ. ವ್ಯಾನನ್ನು ಕಣ್ಣಲ್ಲೇ ಅಳೆದು, "ಇದರಲ್ಲಿ ಎಸಿ ಇಲ್ವಾ? ನಮ್ಮ ಮಾವನ ಕಾರಲ್ಲಿದೆ," ಎಂದಳು.

ವ್ಯಾನತ್ತೆ ನಿಟ್ಟುಸಿರುಬಿಟ್ಟು ಅವಳ ಚೀಲವನ್ನು ಬೆನ್ನಿನಿಂದ ಬಿಡಿಸಿ ಸೀಟಿನ ಕೆಳಗೆ ತಳ್ಳಿದಳು. "ಕಿಟಕಿ ಇದೆ ಪುಟ್ಟಿ. ಕೂತ್ಕೋ, ಇನ್ನೂ ಒಂಬತ್ತು ಜನ ಹತ್ತಬೇಕು," ಎಂದು ಗೇರು ಹಾಕಿದಳು.